ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’

ಉನ್ನತ ರಾಜಕೀಯ ಹುದ್ದೆಗೆ ಸ್ಪರ್ಧಿಸುವ ಮಹಿಳೆಯರ ತಾಯ್ತನವನ್ನು ಮತದಾರರು ಹೇಗೆ ನೋಡುತ್ತಾರೆ ಎಂಬ ವಿಷಯವಾಗಿ ಪ್ರಶ್ನೆಗಳನ್ನು ಕಳಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹಲವು ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಕೇಳಿದ್ದವು. ಅಂಥವನ್ನು ಒಂದುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ (ಮೈಸೂರು): ಮಕ್ಕಳಿರುವ ಮಹಿಳೆ ಚುನಾವಣೆಗೆ ನಿಂತರೆ ‘ಮೊದಲು ಮನೆ ನೋಡಿಕೊಳ್ಳಲಿ’ ಎನ್ನುತ್ತಾರೆ, ಮಕ್ಕಳಿಲ್ಲದವರು ನಿಂತರೆ ‘ಇವರಿಗೆ ಸಂಸಾರದ ಕಷ್ಟ ಏನು ಗೊತ್ತು’ ಎನ್ನುತ್ತಾರೆ. ಇದು ಮತದಾರರ ನಿಜವಾದ ಮನೋಭಾವವೋ, ನಾಲ್ಕು ಮಂದಿಯ ಬಾಯಿ ಚಪಲವೋ?

ಉತ್ತರ: ನೀವು ಬರೆದಿರುವ ಎರಡೂ ಮಾತುಗಳು ಸಮುದ್ರದ ಆಚೆ ಈಚೆ ಇರುವ ಎರಡು ನೆರೆಯ ದೇಶಗಳಲ್ಲಿ, ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ, ಇಬ್ಬರು ಮಹಿಳೆಯರ ಮೇಲೆ ಬಿದ್ದದ್ದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮುಂದೆ ಆಸ್ಟ್ರೇಲಿಯಾದ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಅವರಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. 2005ರ ಜನವರಿಯಲ್ಲಿ ಲೇಬರ್ ಪಕ್ಷದ ನಾಯಕತ್ವ ತೆರವಾಗಿ ಅವರ ಹೆಸರು ಕೇಳಿಬರುತ್ತಿದ್ದಾಗ, ಮೆಲ್ಬರ್ನ್ ಹೊರವಲಯದ ಅವರ ಮನೆಯ ಅಡುಗೆಕೋಣೆಯಲ್ಲಿ ತೆಗೆದ ಒಂದು ಚಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಒಪ್ಪವಾದ ಅಡುಗೆಕಟ್ಟೆ, ಅಲ್ಲೊಂದು ಹಣ್ಣಿನ ಬಟ್ಟಲು. ಬಟ್ಟಲಿನಲ್ಲಿ ಒಂದು ಹಣ್ಣೂ ಇಲ್ಲ. ಊರೂರು ಸುತ್ತುವ ಸಂಸದೆಯ ಮನೆಯಲ್ಲಿ ಹಣ್ಣು ಕೊಳೆಯಲು ಬಿಡದಿರುವುದು ಜಾಣತನವೆಂದು ನನಗೆ ತೋರುತ್ತದೆ, ಆದರೆ ಅಲ್ಲಿನವರು ಅದನ್ನು ಹಾಗೆ ಓದಲಿಲ್ಲ. ಖಾಲಿ ಬಟ್ಟಲು ಖಾಲಿ ಮಡಿಲಿನ ಗುರುತಾಯಿತು. 2007ರಲ್ಲಿ ಎದುರು ಪಕ್ಷದ ಸೆನೆಟರ್ ಬಿಲ್ ಹೆಫರ್ನನ್ ಬಟ್ಟಲಿನ ಹಂಗೂ ಬೇಡವೆಂಬಂತೆ, ‘ಬೇಕೆಂದೇ ಬಂಜೆಯಾಗಿ ಉಳಿದವರಿಗೆ’ ಬದುಕು ಏನೆಂದು ತಿಳಿದಿರುವುದಿಲ್ಲ, ಅಂಥವರು ನಾಯಕತ್ವಕ್ಕೆ ತಕ್ಕವರಲ್ಲ ಎಂಬ ಅರ್ಥದ ಮಾತನ್ನು ನೇರವಾಗಿಯೇ ಆಡಿದರು. ಟೀಕೆ ಜೋರಾದ ಮೇಲೆ ಕ್ಷಮೆ ಕೇಳಿದರು. ‘ಬಂಜೆ’ ಎಂಬ ಪದಕ್ಕೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಮೊನೆಯಿದೆಯೋ ಇಂಗ್ಲಿಷಿನಲ್ಲಿಯೂ ಅಷ್ಟೇ ಇದೆ ಎಂಬುದು ಆಗ ಗೊತ್ತಾಯಿತು.

ಇನ್ನು ನ್ಯೂಜಿಲೆಂಡ್. 2017ರ ಆಗಸ್ಟ್ 1ರಂದು, ಚುನಾವಣೆಗೆ ಎರಡು ತಿಂಗಳೂ ಇಲ್ಲದಿರುವಾಗ, ಮುಂದೆ ಪ್ರಧಾನಿಯಾಗಲಿದ್ದ 37 ವರ್ಷದ ಜಸಿಂಡಾ ಆರ್ಡರ್ನ್ ಅಲ್ಲಿನ ಲೇಬರ್ ಪಕ್ಷದ ನಾಯಕಿಯಾದರು. ಅಂದು ಸಂಜೆಯೇ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ, ಮಕ್ಕಳನ್ನು ಪಡೆಯುವ ಆಲೋಚನೆಯಿದೆಯೇ ಎಂದು ಅವರನ್ನು ಕೇಳಲಾಯಿತು. ಒಬ್ಬಾಕೆಗೆ ಮಕ್ಕಳಿಲ್ಲ ಎಂಬುದು ಕೊರತೆಯಾದರೆ, ಇನ್ನೊಬ್ಬಾಕೆಗೆ ಮುಂದೆ ಆಗಬಹುದು ಎಂಬುದೇ ಅಡ್ಡಿ. ಅತ್ತ ದರಿ, ಇತ್ತ ಪುಲಿ.

ಇವು ಸೆನೆಟರ್ ಮತ್ತು ನಿರೂಪಕರ ಮಾತುಗಳಾದವು, ಮತದಾರರು ಏನೆನ್ನುತ್ತಾರೆ ಎಂದು ನೀವು ಕೇಳಬಹುದು. ಈ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ನನಗೆ ಮುಖ್ಯವೆನಿಸಿದ್ದು ಡಾನ್ ಟೀಲ್, ಜೋಶುವಾ ಕಾಲಾ ಮತ್ತು ಫ್ರಾನ್ಸಿಸ್ ರೋಸೆನ್‌ಬ್ಲೂತ್ ಎಂಬ ಮೂವರು ವಿದ್ವಾಂಸರು 2018ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅವರು ಕಾಲ್ಪನಿಕ ಅಭ್ಯರ್ಥಿಗಳ ಪರಿಚಯಗಳನ್ನು ಸಿದ್ಧಪಡಿಸಿ, ಗಂಡು ಹೆಣ್ಣು, ವಯಸ್ಸು, ಉದ್ಯೋಗ, ಮದುವೆ, ಮಕ್ಕಳ ಸಂಖ್ಯೆ ಇವನ್ನು ಅದಲುಬದಲು ಮಾಡಿ, ಇಬ್ಬಿಬ್ಬರನ್ನು ಎದುರಿಗಿಟ್ಟು ಯಾರನ್ನು ಆರಿಸುತ್ತೀರಿ ಎಂದು ಮತದಾರರನ್ನೂ ಅಧಿಕಾರದಲ್ಲಿದ್ದ ರಾಜಕಾರಣಿಗಳನ್ನೂ ಕೇಳಿದರು. ಹೆಣ್ಣೆಂಬ ಕಾರಣಕ್ಕೆ ಅಭ್ಯರ್ಥಿಯನ್ನು ಜನ ತಿರಸ್ಕರಿಸಲಿಲ್ಲ, ಬದಲಿಗೆ ತುಸು ಹೆಚ್ಚೇ ಮೆಚ್ಚಿದರು. ಆದರೆ ಗಂಡಾಗಲಿ ಹೆಣ್ಣಾಗಲಿ ಮದುವೆಯಾಗಿ ಮಕ್ಕಳಿರುವವರೇ ಬೇಕೆಂದರು.

ಮೇಲ್ನೋಟಕ್ಕೆ ಇದು ಸಮಾನತೆಯೇ. ಇಬ್ಬರಿಗೂ ಒಂದೇ ಅಳತೆಗೋಲು. ಆದರೆ ಆ ಅಳತೆಗೆ ಸರಿಹೊಂದಲು ಗಂಡಸು ಕೊಡುವ ಬೆಲೆಯೇನು, ಹೆಂಗಸು ಕೊಡುವ ಬೆಲೆಯೇನು ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಮೂರು ಮಕ್ಕಳ ತಂದೆ ರಾತ್ರಿ ಹನ್ನೊಂದರವರೆಗೆ ಪಕ್ಷದ ಕಚೇರಿಯಲ್ಲಿ ಕುಳಿತಿರಬಹುದು, ಏಕೆಂದರೆ ಮನೆಯಲ್ಲಿ ಮಕ್ಕಳಿಗೆ ಊಟ ಹಾಕಿ ಮಲಗಿಸಲು ಒಬ್ಬರಿದ್ದಾರೆ. ಮೂರು ಮಕ್ಕಳ ತಾಯಿ ಅದೇ ಕಚೇರಿಯಲ್ಲಿ ಹನ್ನೊಂದರವರೆಗೆ ಕುಳಿತರೆ, ಆ ‘ಒಬ್ಬರು’ ಎಂಬುದು ಆಕೆಯೇ ಆಗಿರುವುದರಿಂದ, ಮನೆಯಲ್ಲಿ ಯಾರೂ ಇಲ್ಲವೆಂದಾಗುತ್ತದೆ. ರಾಜಕೀಯದಲ್ಲಿ ಬೇರೂರಲು ಬೇಕಾದ ಮೂವತ್ತರಿಂದ ನಲವತ್ತೈದರ ನಡುವಿನ ವರ್ಷಗಳೇ ಮಕ್ಕಳನ್ನು ಬೆಳೆಸುವ ವರ್ಷಗಳೂ ಹೌದು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಮತದಾರರಲ್ಲಿ ಹೆಣ್ಣಿನ ಮೇಲೆ ದ್ವೇಷವಿದೆ ಎನ್ನುವುದಕ್ಕಿಂತ, ಎಲ್ಲ ನಾಯಕರೂ ತುಂಬಿದ ಸಂಸಾರಸ್ಥರಾಗಿರಲಿ ಎಂಬ ನಿರೀಕ್ಷೆಯಿದೆ, ಆ ನಿರೀಕ್ಷೆ ಗಂಡಸಿಗೆ ಬಿಟ್ಟಿಯಾಗಿ ಈಡೇರುತ್ತದೆ, ಹೆಂಗಸಿಗೆ ಈಡೇರುವುದಿಲ್ಲ. ಕಾಗದದ ಮೇಲಿನ ಅಭ್ಯರ್ಥಿಗೆ ಕೊಟ್ಟ ಗುರುತು ಮತಗಟ್ಟೆಯಲ್ಲಿ ಕೊಟ್ಟ ಮತವಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಪ್ರಶ್ನೆ (ಧಾರವಾಡ): ನಾನು ನಿವೃತ್ತ ಎಂಜಿನಿಯರ್. ಪ್ರಜಾಪ್ರಭುತ್ವದಲ್ಲಿ ಮತದಾರನೇ ಮಾಲೀಕ. ಸಂಬಳ ಕೊಡುವವನು, ‘ನೀನು ನಾಳೆ ರಜೆ ಹಾಕುತ್ತೀಯಾ’ ಎಂದು ಕೇಳಿದರೆ ತಪ್ಪೇನು? ಮಗು ಚಿಕ್ಕದಿರುವಾಗ ದೇಶ ಆಳಲು ಸಮಯ ಸಾಲುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆಯಲ್ಲವೇ?

ಉತ್ತರ: ನಿಮ್ಮ ವಾದವನ್ನು ಆರ್ಡರ್ನ್ ಅವರ ಎದುರಿಗೇ ಒಬ್ಬರು ಇಟ್ಟಿದ್ದರು. ಮೇಲೆ ಹೇಳಿದ ಸಂಜೆಯ ಮರುದಿನ ಬೆಳಿಗ್ಗೆ, ಮತ್ತೊಂದು ಕಾರ್ಯಕ್ರಮದಲ್ಲಿ, ಮಾಜಿ ಕ್ರಿಕೆಟಿಗ ಮಾರ್ಕ್ ರಿಚರ್ಡ್‌ಸನ್ ಅವರು, ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಇದನ್ನು ತಿಳಿಯುವ ಹಕ್ಕಿದೆ ಎಂದರು. ಆರ್ಡರ್ನ್ ಕುರ್ಚಿಯಲ್ಲಿ ಅವರ ಕಡೆಗೆ ತಿರುಗಿ, ಬೆರಳು ತೋರಿಸಿ, ಕೆಲಸದ ಸ್ಥಳದಲ್ಲಿ ಮಹಿಳೆಯರು ಆ ಪ್ರಶ್ನೆಗೆ ಉತ್ತರಿಸಬೇಕು ಎನ್ನುವುದು 2017ರಲ್ಲಿ ಸರ್ವಥಾ ಒಪ್ಪತಕ್ಕದ್ದಲ್ಲ ಎಂದರು. ಆ ಬೆರಳು ಜಗತ್ತಿನಾದ್ಯಂತ ಸುದ್ದಿಯಾಯಿತು, ಆದರೆ ಅದರ ಜೊತೆಗೆ ಅವರು ಮಾಡಿದ ಒಂದು ಸೂಕ್ಷ್ಮ ಭೇದ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ತಾನು ಹಿಂದೆ ಸಾರ್ವಜನಿಕವಾಗಿ ಈ ವಿಷಯ ಮಾತನಾಡಿರುವುದರಿಂದ ತನ್ನನ್ನು ಕೇಳಿದರೆ ಬೇಸರವಿಲ್ಲ, ಆದರೆ ಇತರ ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳುವಂತಿಲ್ಲ ಎಂಬುದು ಅವರ ನಿಲುವಾಗಿತ್ತು.

ಮತದಾರ ಮಾಲೀಕನೆಂಬುದನ್ನು ಒಪ್ಪುತ್ತೇನೆ. ಆದರೆ ಅವನು ಬಹಳ ವಿಚಿತ್ರವಾದ ಮಾಲೀಕ. ಕಂಪನಿಯ ಮಾಲೀಕ ಕಾರಣ ಕೊಡಬೇಕು, ಕಾನೂನಿಗೆ ಉತ್ತರಿಸಬೇಕು. ಮತದಾನ ಗುಪ್ತವಾದ್ದರಿಂದ ಮತದಾರ ಯಾರಿಗೂ ಕಾರಣ ಕೊಡಬೇಕಿಲ್ಲ, ಯಾವ ನ್ಯಾಯಾಲಯವೂ ಅವನನ್ನು ಕೇಳಲಾರದು, ಕೇಳಲೂ ಬಾರದು. ಆದ್ದರಿಂದ ಇಲ್ಲಿ ಹಕ್ಕಿನ ಮಾತು ಬರುವುದಿಲ್ಲ, ಪ್ರಶ್ನೆ ಎಲ್ಲರಿಗೂ ಹೋಗುತ್ತದೆಯೇ ಎಂಬ ಮಾತು ಬರುತ್ತದೆ. ಆಳುವವರಿಗೆ ಸಮಯವಿದೆಯೇ ಎಂಬುದು ನಿಜಕ್ಕೂ ನ್ಯಾಯವಾದ ಪ್ರಶ್ನೆ. ಹಾಗಿದ್ದರೆ ಅದನ್ನು ತಂದೆಯರಿಗೂ ಕೇಳಬೇಕು.

2008ರ ಅಮೆರಿಕದ ಚುನಾವಣೆಯನ್ನೇ ನೋಡಿ. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರಿಗೆ ಐದು ಮಕ್ಕಳು. ಕೊನೆಯದು ಅದೇ ವರ್ಷ ಏಪ್ರಿಲ್‌ನಲ್ಲಿ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್‌ ಎಂಬ ತೊಂದರೆಯೊಂದಿಗೆ ಹುಟ್ಟಿದ ಕೂಸು. ಇಷ್ಟು ಎಳೆಯ ಮಗುವನ್ನಿಟ್ಟುಕೊಂಡು ಹೇಗೆ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು, ಅದನ್ನು ಕೇಳಿದವರಲ್ಲಿ ಮಹಿಳಾ ಹಕ್ಕುಗಳ ಪರವಾಗಿದ್ದವರೂ ಇದ್ದರು ಎಂಬುದು ಮುಜುಗರದ ಸಂಗತಿ. ಅದೇ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೇ ನಿಂತಿದ್ದ ಬರಾಕ್ ಒಬಾಮಾ ಅವರಿಗೆ ಹತ್ತು ಮತ್ತು ಏಳು ವರ್ಷದ ಇಬ್ಬರು ಹೆಣ್ಣುಮಕ್ಕಳಿದ್ದರು. ಆ ಮಕ್ಕಳು ವೇದಿಕೆಗೆ ಬಂದು ಕೈಬೀಸಿದಾಗ ಜನ ಮೆಚ್ಚಿಕೊಂಡರು; ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಯಾವ ಚರ್ಚೆಯ ವಿಷಯವೂ ಆಗಲಿಲ್ಲ. ಬ್ರಿಟನ್ನಿನಲ್ಲಿ ಟೋನಿ ಬ್ಲೇರ್ ಪ್ರಧಾನಿಯಾಗಿದ್ದಾಗ, 2000ನೇ ಇಸವಿಯ ಮೇ ತಿಂಗಳಲ್ಲಿ ಅವರಿಗೆ ನಾಲ್ಕನೆಯ ಮಗು ಹುಟ್ಟಿತು. ವಕೀಲೆಯಾಗಿದ್ದ ಪತ್ನಿ ಚೆರಿ ಅವರು, ಫಿನ್‌ಲೆಂಡಿನ ಪ್ರಧಾನಿ ಪಿತೃತ್ವ ರಜೆ ತೆಗೆದುಕೊಂಡದ್ದನ್ನು ಎಲ್ಲರೆದುರು ಹೊಗಳಿ ಗಂಡನಿಗೆ ಸೂಚನೆ ಕೊಟ್ಟರು. ಅಲ್ಲಿ ಎದ್ದ ಪ್ರಶ್ನೆ ‘ಮಗುವಿರುವಾಗ ಈತ ಆಳಬಲ್ಲನೇ’ ಎಂಬುದಲ್ಲ, ‘ಈತ ನಾಲ್ಕು ದಿನವಾದರೂ ಮಗುವಿನ ಜೊತೆ ಇರುತ್ತಾನೆಯೇ’ ಎಂಬುದು. ದಯವಿಟ್ಟು ನಿಮ್ಮ ಪ್ರಶ್ನೆಯನ್ನು ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆಬಾಗಿಲಿಗೆ ಬರುವ ಪುರುಷ ಅಭ್ಯರ್ಥಿಗೆ ಒಮ್ಮೆ ಕೇಳಿ, ಅವರ ಮುಖಚರ್ಯೆ ಹೇಗಾಯಿತೆಂದು ನಮಗೆ ಬರೆಯಿರಿ.

ಪ್ರಶ್ನೆ (ಮೆಲ್ಬರ್ನ್, ಮೂಲತಃ ಹಾಸನ): ನಾನಿಲ್ಲಿ ಮತದಾರಳು. ಗಿಲಾರ್ಡ್ ಅಧಿಕಾರ ಕಳೆದುಕೊಂಡದ್ದು ಇಂಗಾಲದ ತೆರಿಗೆಯ ವಿಷಯದಲ್ಲಿ ಮಾತು ತಪ್ಪಿದ್ದಕ್ಕೆ. ಎಲ್ಲವನ್ನೂ ಹೆಣ್ಣುತನದ ಮೇಲೆ ಹಾಕುವುದು ಸರಿಯೇ?

ಉತ್ತರ: ಸರಿಯಲ್ಲ, ಗಿಲಾರ್ಡ್ ಅವರೂ ಹಾಗೆ ಹಾಕಲಿಲ್ಲ. 2010ರ ಜೂನ್‌ನಲ್ಲಿ ತಮ್ಮದೇ ಪಕ್ಷದ ಪ್ರಧಾನಿ ಕೆವಿನ್ ರಡ್ ಅವರನ್ನು ಇಳಿಸಿ ಅವರು ಕುರ್ಚಿಗೆ ಬಂದದ್ದು, ನಂತರದ ಚುನಾವಣೆಯಲ್ಲಿ ಬಹುಮತ ಸಿಗದೆ ಪಕ್ಷೇತರರ ಬೆಂಬಲದಿಂದ ಸರ್ಕಾರ ನಡೆಸಿದ್ದು, ಇಂಗಾಲದ ತೆರಿಗೆ ಇರುವುದಿಲ್ಲವೆಂದು ಹೇಳಿ ಇಂಗಾಲಕ್ಕೆ ಬೆಲೆ ಕಟ್ಟುವ ಕಾನೂನು ತಂದದ್ದು, ಇವೆಲ್ಲ ಯಾವ ಗಂಡಸನ್ನಾದರೂ ಬಳಲಿಸುವ ಹೊರೆಗಳೇ. 2013ರ ಜೂನ್ 26ರಂದು ರಡ್ ಅವರಿಗೆ ಸೋತು ನಿರ್ಗಮಿಸುವಾಗ ಅವರು ಹೇಳಿದ್ದು ಇಷ್ಟು: ತಾನು ಹೆಣ್ಣೆಂಬುದು ಎಲ್ಲವನ್ನೂ ವಿವರಿಸುವುದಿಲ್ಲ, ಏನನ್ನೂ ವಿವರಿಸುವುದಿಲ್ಲ ಎಂದೂ ಅಲ್ಲ, ಕೆಲವನ್ನು ವಿವರಿಸುತ್ತದೆ. ಈ ಇಡೀ ವಿಷಯದಲ್ಲಿ ನಾನು ಓದಿರುವ ಅತ್ಯಂತ ತೂಕದ ಮಾತು ಅದು.

ಆ ‘ಕೆಲವು’ ಯಾವುವು ಎಂಬುದಕ್ಕೆ ಒಂದು ಚಿತ್ರ ಸಾಕು. ಅದೇ ವಾರ ಮಹಿಳಾ ನಿಯತಕಾಲಿಕವೊಂದರಲ್ಲಿ ಗಿಲಾರ್ಡ್ ಅವರ ಫೋಟೊ ಬಂತು. ಬ್ರಿಟನ್ ರಾಜಮನೆತನದಲ್ಲಿ ಹುಟ್ಟಲಿದ್ದ ಕೂಸಿಗಾಗಿ ಪ್ರಧಾನಿಯವರು ಕುರ್ಚಿಯಲ್ಲಿ ಕುಳಿತು ಉಣ್ಣೆಯ ಕಾಂಗರೂ ಹೆಣೆಯುತ್ತಿದ್ದಾರೆ, ಪಕ್ಕದಲ್ಲಿ ನಾಯಿ. ಅವರಿಗೆ ಹೆಣಿಗೆಯಲ್ಲಿ ಆಸಕ್ತಿ ಇದ್ದದ್ದು ನಿಜ. ಆದರೂ ಖಾಲಿ ಬಟ್ಟಲಿನಿಂದ ಶುರುವಾದ ಎಂಟು ವರ್ಷಗಳ ಹಾದಿ ಉಣ್ಣೆಯ ಕಾಂಗರೂವಿನಲ್ಲಿ ಮುಗಿದದ್ದನ್ನು ನೋಡಿದರೆ, ಅಡುಗೆಮನೆಯ ಆಪಾದನೆಗೆ ಹಜಾರದಲ್ಲಿ ಕುಳಿತು ಉತ್ತರ ಕೊಡಲು ಹೊರಟಂತೆ ಕಾಣುತ್ತದೆ. ಅದಕ್ಕೂ ನಕ್ಕರು, ಅಷ್ಟೊಂದು ಹೆಣ್ಣಾಗುವುದೇಕೆ ಎಂದರು. ಅವರ ಪ್ರಮುಖ ಎದುರಾಳಿ ಟೋನಿ ಅಬಾಟ್ ಪತ್ನಿ ಮತ್ತು ಮೂವರು ಹೆಣ್ಣುಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿಕೊಂಡು ಪ್ರಚಾರ ಮಾಡಿದರು, ಮೂರು ತಿಂಗಳಲ್ಲಿ ಪ್ರಧಾನಿಯಾದರು. ಅದನ್ನು ಯಾರೂ ಅತಿಯೆಂದು ತಿಳಿಯಲಿಲ್ಲ.

ನಿಮ್ಮ ಎಚ್ಚರಿಕೆಯನ್ನು ಮಗ್ಗುಲು ತಿರುಗಿಸಿಯೂ ನೋಡಬೇಕು. 2020ರಲ್ಲಿ ಆರ್ಡರ್ನ್ ಅವರ ಪಕ್ಷ ಶೇಕಡಾ 50ರಷ್ಟು ಮತ ಪಡೆದು 120ರಲ್ಲಿ 65 ಸ್ಥಾನ ಗೆದ್ದಾಗ, ‘ತಾಯಿ ಗೆದ್ದಳು’ ಎಂದು ಹಲವರು ಬರೆದರು. ಗೆದ್ದದ್ದು ಮುಖ್ಯವಾಗಿ ಕೋವಿಡ್ ನಿರ್ವಹಣೆ. ಬೆಲೆಗಳು ಏರಿ ಜನಪ್ರಿಯತೆ ಕುಸಿದಾಗ ಮಡಿಲಲ್ಲಿದ್ದ ಮಗುವೇನೂ ಕಾಪಾಡಲಿಲ್ಲ. 2023ರ ಜನವರಿಯಲ್ಲಿ, ಇನ್ನು ತನ್ನಲ್ಲಿ ಕಸುವು ಉಳಿದಿಲ್ಲವೆಂದು ಹೇಳಿ ಅವರು ರಾಜೀನಾಮೆ ಕೊಟ್ಟರು.

ಪ್ರಶ್ನೆ (ಕಲಬುರಗಿ): ತಾಯಿಯಾಗಿರುವುದನ್ನೇ ಅರ್ಹತೆಯೆಂದು ಹೇಳಿ ಮತ ಕೇಳಿದವರು ಇದ್ದಾರೆಯೇ?

ಉತ್ತರ: ಬೇಕಾದಷ್ಟು ಮಂದಿ ಇದ್ದಾರೆ, ಕೆಲವರಿಗೆ ಅದು ತಿರುಗುಬಾಣವೂ ಆಗಿದೆ. 2016ರ ಜುಲೈನಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಆಂಡ್ರಿಯಾ ಲೆಡ್ಸಮ್ ಮತ್ತು ಥೆರೆಸಾ ಮೇ ಎದುರಾಳಿಗಳಾಗಿದ್ದರು. ತಾಯಿಯಾಗಿರುವುದರಿಂದ ದೇಶದ ಭವಿಷ್ಯದಲ್ಲಿ ತನಗೆ ನಿಜವಾದ ಪಾಲಿದೆ ಎಂಬ ಅರ್ಥದ ಲೆಡ್ಸಮ್ ಅವರ ಮಾತು ಪತ್ರಿಕಾ ಸಂದರ್ಶನವೊಂದರಲ್ಲಿ ಪ್ರಕಟವಾಯಿತು. ಮೇ ದಂಪತಿಗೆ ಮಕ್ಕಳಾಗಲಿಲ್ಲವೆಂಬ ನೋವು ಅದಾಗಲೇ ಎಲ್ಲರಿಗೂ ತಿಳಿದಿತ್ತು. ಲೆಡ್ಸಮ್ ಕ್ಷಮೆ ಕೇಳಿ, ದಿನಗಳಲ್ಲೇ ಕಣದಿಂದ ಹಿಂದೆ ಸರಿದರು. ಅಮೆರಿಕದಲ್ಲಿ ಇಂಥದೇ ಮಾತನ್ನು 2021ರಲ್ಲಿ ರಿಪಬ್ಲಿಕನ್ ಪಕ್ಷದ ಜೆ. ಡಿ. ವ್ಯಾನ್ಸ್ ಆಡಿದ್ದರು: ದೇಶವನ್ನು ಮಕ್ಕಳಿಲ್ಲದ, ಬೆಕ್ಕು ಸಾಕಿಕೊಂಡ ಹೆಂಗಸರು ನಡೆಸುತ್ತಿದ್ದಾರೆ ಎಂದು, ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಹೆಸರನ್ನೂ ಸೇರಿಸಿ. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳು ಹ್ಯಾರಿಸ್ ಅವರನ್ನು ‘ಮಾಮ್’ ಮತ್ತು ‘ಕಮಲಾ’ ಎರಡನ್ನೂ ಕೂಡಿಸಿ ‘ಮೊಮಲಾ’ ಎಂದು ಕರೆಯುವುದು ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಹೆತ್ತದ್ದು ಮಾತ್ರ ಲೆಕ್ಕ. ಆ ಮಾತು 2024ರಲ್ಲಿ ಮತ್ತೆ ಮುನ್ನೆಲೆಗೆ ಬಂದು ದೊಡ್ಡ ಗದ್ದಲವಾಯಿತು, ಆದರೂ ವ್ಯಾನ್ಸ್ ಉಪಾಧ್ಯಕ್ಷರಾದರು.

ಪ್ರಶ್ನೆ (ಉಡುಪಿ): ಅಧಿಕಾರದಲ್ಲಿದ್ದಾಗಲೇ ಹೆತ್ತ ಮೊದಲ ಪ್ರಧಾನಿ ಆರ್ಡರ್ನ್ ಅವರೇ?

ಉತ್ತರ: ಅಲ್ಲ. ಪಾಕಿಸ್ತಾನದ ಬೆನಜೀರ್ ಭುಟ್ಟೊ. ಪ್ರಧಾನಿಯಾಗಿದ್ದಾಗಲೇ 1990ರ ಜನವರಿ 25ರಂದು ಅವರಿಗೆ ಮಗಳು ಹುಟ್ಟಿದಳು. ಬಹಳ ಬೇಗ ಕೆಲಸಕ್ಕೆ ಮರಳಿದರು. ಹೆರಿಗೆಯ ಸುದ್ದಿ ಹೊರಬಿದ್ದದ್ದೂ ಅದು ಮುಗಿದ ಮೇಲೆಯೇ. ಅದಕ್ಕಿಂತ ಕುತೂಹಲದ ಸಂಗತಿ 1988ರದು. ಆಗ ಅವರು ಮೊದಲ ಮಗುವಿನ ಗರ್ಭಿಣಿ. ಸೇನಾಡಳಿತಗಾರ ಜನರಲ್ ಜಿಯಾ ಅವರ ಆಡಳಿತವು ಹೆರಿಗೆಯ ಸಮಯ ನೋಡಿಕೊಂಡು ಚುನಾವಣೆಯ ದಿನ ಗೊತ್ತುಮಾಡಿತೆಂಬುದು ಅಲ್ಲಿ ಜನಜನಿತವಾದ ಮಾತು. ದಿನ ತುಂಬುವುದು ಯಾವಾಗ ಎಂಬುದನ್ನು ಬೆನಜೀರ್ ಗುಟ್ಟಾಗಿಟ್ಟಿದ್ದರು. ಮಗ ಸೆಪ್ಟೆಂಬರ್ 21ರಂದು ಹುಟ್ಟಿದ. ಚುನಾವಣೆ ನವೆಂಬರ್ 16ಕ್ಕೆ ನಡೆಯಿತು. ಡಿಸೆಂಬರ್ 2ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಬಾಣಂತನದ ಹಸಿ ಮೈಯಲ್ಲಿ ದೇಶ ಸುತ್ತಿ ಗೆದ್ದವರು ಅವರು. ಆರ್ಡರ್ನ್ ಅವರ ಮಗಳು ಹುಟ್ಟಿದ 2018ರ ಜೂನ್ 21, ಕಾಕತಾಳೀಯವಾಗಿ, ಬೆನಜೀರ್ ಅವರ ಹುಟ್ಟುಹಬ್ಬ.

ಪ್ರಶ್ನೆ (ದಾವಣಗೆರೆ): ನಮ್ಮ ದೇಶದಲ್ಲಿ ಮದುವೆಯಾಗದ ಜಯಲಲಿತಾ, ಮಮತಾ, ಮಾಯಾವತಿ ಮುಖ್ಯಮಂತ್ರಿಗಳಾದರು. ಹಾಗಾದರೆ ಭಾರತದ ಮತದಾರರು ಹೆಚ್ಚು ಉದಾರಿಗಳೇ? ಕರ್ನಾಟಕಕ್ಕೆ ಮಾತ್ರ ಈವರೆಗೆ ಮಹಿಳಾ ಮುಖ್ಯಮಂತ್ರಿ ಏಕೆ ಸಿಗಲಿಲ್ಲ?

ಉತ್ತರ: ಮೂವರನ್ನೂ ಜನ ಏನೆಂದು ಕರೆದರು ನೋಡಿ: ಅಮ್ಮ, ದೀದಿ, ಬೆಹೆನ್‌ಜಿ. ಸಂಸಾರವಿಲ್ಲದ ಹೆಣ್ಣನ್ನು ನಮ್ಮ ಮತದಾರರು ತಿರಸ್ಕರಿಸುವುದಿಲ್ಲ, ತಮ್ಮ ಸಂಸಾರದೊಳಕ್ಕೇ ಎಳೆದುಕೊಂಡು ಒಂದು ನಂಟು ಕಟ್ಟುತ್ತಾರೆ. ಹೆರದ ಜಯಲಲಿತಾ ಇಡೀ ತಮಿಳುನಾಡಿಗೆ ಅಮ್ಮನಾದರು, ಅವರ ಸರ್ಕಾರದ ಅಗ್ಗದ ಊಟದ ಮನೆಗಳಿಗೂ ಅದೇ ಹೆಸರಿಟ್ಟರು. ನಮ್ಮ ಹಳ್ಳಿಗಳಲ್ಲಿ ಇಂದಿರಾ ಗಾಂಧಿ ‘ಇಂದಿರಮ್ಮ’ ಆದದ್ದೂ ಹೀಗೆಯೇ. 1978ರಲ್ಲಿ ಅಧಿಕಾರವಿಲ್ಲದಿದ್ದಾಗ ಅವರನ್ನು ಚಿಕ್ಕಮಗಳೂರು ಲೋಕಸಭೆಗೆ ಕಳಿಸಿತು. ‘ಹಿಂದೆ ಮುಂದೆ ಯಾರೂ ಇಲ್ಲ, ಯಾರಿಗಾಗಿ ತಿನ್ನುತ್ತಾರೆ’ ಎಂಬ ವಿಶ್ವಾಸವೂ ಇದರೊಳಗಿದೆ. ಆದರೆ ಅದರ ಲಾಭ ಅವಿವಾಹಿತ ಗಂಡಸರಿಗೂ ಸಿಕ್ಕಿದೆ.

ಇದನ್ನು ಔದಾರ್ಯ ಎನ್ನಲು ನನಗೆ ಮನಸ್ಸಿಲ್ಲ. ಅಮ್ಮನೋ ಅಕ್ಕನೋ ಆಗದೆ ಬರೀ ಸಮರ್ಥ ಆಡಳಿತಗಾರ್ತಿಯಾಗಿ ಬಂದವರಿಗೆ ನಾವು ಯಾವ ಹೆಸರಿಟ್ಟು ಕರೆಯುತ್ತೇವೆ ಎಂಬುದು ಇನ್ನೂ ಗೊತ್ತಾಗಬೇಕಾಗಿದೆ.

ಕರ್ನಾಟಕದ ಮಟ್ಟಿಗೆ ಮತದಾರರಿಗಿಂತ ಟಿಕೆಟ್ ಹಂಚುವವರನ್ನು ಕೇಳುವುದು ಸರಿ. 2023ರ ವಿಧಾನಸಭೆಗೆ 224ರಲ್ಲಿ ಗೆದ್ದು ಬಂದ ಮಹಿಳೆಯರು 10 ಮಂದಿ. ಆಗ ರಚನೆಯಾದ ಸಂಪುಟದಲ್ಲಿ ಮಹಿಳೆ ಲಕ್ಷ್ಮೀ ಹೆಬ್ಬಾಳಕರ್ ಒಬ್ಬರೇ. ಅವರಿಗೆ ಕೊಟ್ಟ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಒಬ್ಬರೇ ಹೆಂಗಸು ಬಂದರೂ ಮಕ್ಕಳನ್ನು ಆಕೆಯ ಕೈಗೇ ಕೊಡುವ ಅಭ್ಯಾಸ ನಮ್ಮ ಮನೆಗಳದು ಮಾತ್ರವಲ್ಲ ಎಂದಾಯಿತು. ಇನ್ನು ನಿಮ್ಮೂರಿನ ಸಂಗತಿ ನಿಮಗೇ ಗೊತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಎರಡೂ ಪ್ರಮುಖ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರೇ. ಹಾಗಿದ್ದೂ ಹಿರಿಯ ಶಾಸಕರೊಬ್ಬರು ಎದುರು ಪಕ್ಷದ ಅಭ್ಯರ್ಥಿಯನ್ನು ಕುರಿತು, ಆಕೆ ಅಡುಗೆ ಮಾಡಲು ಮಾತ್ರ ಲಾಯಕ್ಕು ಎಂಬ ಮಾತಾಡಿದರು. ಅವರು ಯಾರ ಪರ ಪ್ರಚಾರ ಮಾಡುತ್ತಿದ್ದರೋ ಆ ಅಭ್ಯರ್ಥಿ, ಅಂದರೆ ಗೆದ್ದ ಅಭ್ಯರ್ಥಿ, ಅವರ ಮನೆಯ ಸೊಸೆ, ದಂತವೈದ್ಯೆ.

ಪ್ರಶ್ನೆ (ಶಿರಸಿ): ಕೊನೆಗೂ ಆರ್ಡರ್ನ್ ಅವರ ಮಗುವನ್ನು ನೋಡಿಕೊಂಡವರು ಯಾರು?

ಉತ್ತರ: ತಂದೆ. ಮೀನು ಹಿಡಿಯುವ ಕುರಿತ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಕ್ಲಾರ್ಕ್ ಗೇಫರ್ಡ್ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುವುದೆಂದು ಮೊದಲೇ ನಿರ್ಧಾರವಾಗಿತ್ತು. ಪ್ರಧಾನಿ ಆರು ವಾರ ರಜೆಯಲ್ಲಿದ್ದರು. ಆ ಅವಧಿಗೆ ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಹೊಣೆ ಹೊತ್ತರು, ದೇಶ ನಡೆಯಿತು. ತೊಡಕಾದದ್ದು ಸೆಪ್ಟೆಂಬರ್‌ನಲ್ಲಿ. ನವೂರು ದ್ವೀಪದಲ್ಲಿ ಪೆಸಿಫಿಕ್ ನಾಯಕರ ಸಭೆಯಿತ್ತು. ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು, ಆ ದ್ವೀಪಕ್ಕೆ ಕರೆದೊಯ್ಯಲು ಬೇಕಾದ ಲಸಿಕೆ ಹಾಕಿಸುವ ವಯಸ್ಸಾಗಿರಲಿಲ್ಲ. ಆದ್ದರಿಂದ ಆರ್ಡರ್ನ್ ಉಳಿದವರ ಜೊತೆ ಹೋಗದೆ, ವಾಯುಪಡೆಯ ವಿಮಾನ ಪ್ರತ್ಯೇಕವಾಗಿ ಹಾರುವಂತೆ ಮಾಡಿ, ಒಂದೇ ದಿನದಲ್ಲಿ ಹೋಗಿ ಬಂದರು. ದುಂದುವೆಚ್ಚವೆಂದು ಟೀಕೆ ಬಂತು. ಹೋಗದಿದ್ದರೂ ಅಷ್ಟೇ ಟೀಕೆ ಬರುತ್ತಿತ್ತು ಎಂದು ಅವರು ಹೇಳಿದರು.

ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್‌ನ ವಿಶ್ವಸಂಸ್ಥೆಗೆ ಮೂರು ತಿಂಗಳ ಮಗುವನ್ನು ಕರೆದುಕೊಂಡೇ ಹೋದರು. ಗೇಫರ್ಡ್ ಅವರ ಪ್ರಯಾಣದ ಖರ್ಚನ್ನು ಈ ಸಲ ತಾವೇ ಕೊಟ್ಟರು, ಏಕೆಂದರೆ ಅವರು ಬರುತ್ತಿದ್ದುದು ಮಗುವನ್ನು ನೋಡಿಕೊಳ್ಳಲು. ಕೂಸಿಗೆ ‘ನ್ಯೂಜಿಲೆಂಡಿನ ಪ್ರಥಮ ಶಿಶು’ ಎಂಬ ಗುರುತಿನ ಚೀಟಿಯೂ ಸಿಕ್ಕಿತು. ಅಲ್ಲಿನ ಸಭಾಕೊಠಡಿಯೊಂದರಲ್ಲಿ ಮಗುವಿನ ಬಟ್ಟೆ ಬದಲಿಸುತ್ತಿರುವಾಗಲೇ ಜಪಾನಿನ ನಿಯೋಗ ಒಳಗೆ ಬಂದು ಬೆಚ್ಚಿತೆಂದೂ, ಅವರ ಮುಖ ನೋಡಬೇಕಿತ್ತೆಂದೂ ಗೇಫರ್ಡ್ ಬರೆದುಕೊಂಡರು.